ಬಿಲ್ಲಿನ ಹೆದೆಯಿಂದ ಅಂಗಿಯ ಜೇಬಿಗೆ

ಹೈಸ್ಕೂಲಿನಲ್ಲಿ ‘ಸೈನ್, ಕಾಸ್, ಟ್ಯಾನ್’ ಎಂದು ಉರು ಹೊಡೆಯದವರು ವಿರಳ. ಪರೀಕ್ಷೆ ಮುಗಿದ ಮರುದಿನವೇ ಮರೆತವರೂ ಕಡಿಮೆಯಿಲ್ಲ. ಸೈನ್ ಎಂದರೇನೆಂದು ಕೇಳಿದರೆ, ಲಂಬಕೋನ ತ್ರಿಭುಜದ ಅಭಿಮುಖ ಬಾಹುವನ್ನು ವಿಕರ್ಣದಿಂದ ಭಾಗಿಸಬೇಕು ಎಂಬ ಸೂತ್ರವಷ್ಟೇ ನೆನಪಾದೀತು. ಈ ಪದ ನಮ್ಮ ದೇಶದಿಂದಲೇ ಹೊರಟು, ದೂರದೇಶಗಳನ್ನು ಸುತ್ತಿ, ಗುರುತು ಸಿಗದ ವೇಷದಲ್ಲಿ ಮರಳಿ ಬಂದದ್ದು ಎಂಬುದು ಹೆಚ್ಚಿನವರಿಗೆ ತಿಳಿಯದು.

ಬಾಗಿಸಿದ ಬಿಲ್ಲೊಂದನ್ನು ನೆನಪಿಸಿಕೊಳ್ಳಿ. ಬಿಲ್ಲು ವೃತ್ತದ ಒಂದು ತುಣುಕು. ಅದರ ಎರಡು ತುದಿಗಳನ್ನು ಸೇರಿಸುವ ಹೆದೆಗೆ ಸಂಸ್ಕೃತದಲ್ಲಿ ‘ಜ್ಯಾ’ ಎಂದು ಹೆಸರು. ವೃತ್ತದ ಕೇಂದ್ರದಿಂದ ಹೆದೆಯ ನಡುವಿಗೆ ಒಂದು ಗೆರೆ, ತುದಿಗೆ ಇನ್ನೊಂದು ಗೆರೆ ಎಳೆದರೆ ಲಂಬಕೋನ ತ್ರಿಭುಜ ಸಿದ್ಧ. ಅದರಲ್ಲಿ ವೃತ್ತದ ತ್ರಿಜ್ಯವೇ ವಿಕರ್ಣ, ಅರ್ಧ ಹೆದೆಯೇ ಅಭಿಮುಖ ಬಾಹು. ಯಾವ ಕೋನಕ್ಕೆ ಅರ್ಧ ಹೆದೆ ಎಷ್ಟುದ್ದ ಎಂಬ ಪಟ್ಟಿ ಕೈಯಲ್ಲಿದ್ದರೆ, ಒಂದು ಬಾಹು ಮತ್ತು ಒಂದು ಕೋನದಿಂದ ಉಳಿದ ಬಾಹುಗಳನ್ನು ಅಳೆಯದೆಯೇ ತಿಳಿಯಬಹುದು.

ಕ್ರಿ.ಶ. 499ರಲ್ಲಿ ಆರ್ಯಭಟ ಇಂಥದೇ ಪಟ್ಟಿಯನ್ನು ಕೊಟ್ಟ. ಕಾಲು ವೃತ್ತವನ್ನು 24 ಭಾಗ ಮಾಡಿ, ತ್ರಿಜ್ಯವನ್ನು 3438 ಎಂದು ಇಟ್ಟುಕೊಂಡು, ಒಂದು ಅರ್ಧಜ್ಯಾದಿಂದ ಮುಂದಿನದಕ್ಕೆ ಎಷ್ಟು ಹೆಚ್ಚುತ್ತದೆ ಎಂಬ ಅಂಕಿಗಳನ್ನೆಲ್ಲ ಒಂದೇ ಶ್ಲೋಕದಲ್ಲಿ ಅಡಗಿಸಿದ.

ಉದಾಹರಣೆಗೆ ಗಾಳಿಪಟವನ್ನೇ ತೆಗೆದುಕೊಳ್ಳೋಣ. ಬಿಗಿಯಾಗಿ ಎಳೆದ ದಾರ 100 ಅಡಿ, ನೆಲದೊಡನೆ ಅದರ ಕೋನ 30 ಡಿಗ್ರಿ. ಆರ್ಯಭಟನ ಲೆಕ್ಕದಲ್ಲಿ 30 ಡಿಗ್ರಿಯ ಜ್ಯಾ 1719, ಅಂದರೆ 3438ರ ಸರಿ ಅರ್ಧ. ಹಾಗಾಗಿ ಗಾಳಿಪಟದ ಎತ್ತರ 50 ಅಡಿ. ತ್ರಿಭುಜದ ಉಳಿದ ಕೋನ 60 ಡಿಗ್ರಿ. ಅದರ ಜ್ಯಾ 2978. ಅದನ್ನು 3438ರಿಂದ ಭಾಗಿಸಿ 100ರಿಂದ ಗುಣಿಸಿದರೆ ನೆಲದ ಮೇಲಿನ ದೂರ ಸುಮಾರು 86.6 ಅಡಿ. ಇಂದಿನ ಕ್ಯಾಲ್ಕುಲೇಟರ್ ಹೇಳುವುದೂ ಅದನ್ನೇ.

‘ಅರ್ಧಜ್ಯಾ’ ಬಳಕೆಯಲ್ಲಿ ‘ಜ್ಯಾ’ ಆಯಿತು, ‘ಜೀವಾ’ ಎಂದೂ ಕರೆಸಿಕೊಂಡಿತು. ಅರಬ್ ವಿದ್ವಾಂಸರು ಅದನ್ನು ‘ಜೀಬಾ’ ಎಂದು ಬರೆದುಕೊಂಡರು. ಅರಬ್ಬಿ ಬರವಣಿಗೆಯಲ್ಲಿ ಸ್ವರಗಳನ್ನು ಸಾಮಾನ್ಯವಾಗಿ ಬಿಡುವುದರಿಂದ ಅದೇ ಅಕ್ಷರಗಳನ್ನು ‘ಜೈಬ್’ ಎಂದೂ ಓದಬಹುದು. ಜೈಬ್ ಎಂದರೆ ಉಡುಪಿನ ಎದೆಯ ಬಳಿಯ ಮಡಿಕೆ. 12ನೇ ಶತಮಾನದ ಯುರೋಪಿನ ಅನುವಾದಕರು ಹಾಗೆಯೇ ಓದಿ, ಮಡಿಕೆ ಎಂಬರ್ಥದ ಲ್ಯಾಟಿನ್ ಪದ ‘ಸೈನಸ್’ ಅನ್ನು ಬಳಸಿದರು. ಅದೇ ಇಂದಿನ ಸೈನ್.

ಯುರೋಪು ಸುತ್ತಿದ ಈ ವಿದ್ಯೆ ಬ್ರಿಟಿಷರೊಡನೆ ನಮ್ಮಲ್ಲಿಗೂ ಬಂತು. 1799ರ ಶ್ರೀರಂಗಪಟ್ಟಣದ ಯುದ್ಧದಲ್ಲಿದ್ದ ಸೇನಾಧಿಕಾರಿ ವಿಲಿಯಂ ಲ್ಯಾಂಬ್ಟನ್, 1802ರಲ್ಲಿ ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಸುಮಾರು ಏಳೂವರೆ ಮೈಲಿಯ ಗೆರೆಯೊಂದನ್ನು ಉಕ್ಕಿನ ಸರಪಳಿಯಿಂದ ಅಳೆದ. ಅಲ್ಲಿಂದ ಮುಂದೆ ಬೆಟ್ಟದಿಂದ ಬೆಟ್ಟಕ್ಕೆ ಕೋನಗಳನ್ನಷ್ಟೇ ಅಳೆದು, ದೂರಗಳನ್ನು ಲೆಕ್ಕದಿಂದ ಪಡೆಯುತ್ತ ಪಶ್ಚಿಮಕ್ಕೆ ಬಂದ. ಅವನ ತ್ರಿಭುಜಗಳೆಲ್ಲ ಲಂಬಕೋನದವಲ್ಲ; ಆದರೆ ಯಾವ ತ್ರಿಭುಜವನ್ನೂ ಎರಡು ಲಂಬಕೋನ ತ್ರಿಭುಜಗಳಾಗಿ ಸೀಳಬಹುದಲ್ಲವೇ? ಲೆಕ್ಕ ಸರಿಯೇ ಎಂದು ನೋಡಲು 1804ರಲ್ಲಿ ಬೆಂಗಳೂರಿನ ಬಳಿ ಇನ್ನೊಂದು ಗೆರೆಯನ್ನು ನೆಲದ ಮೇಲೆಯೇ ಅಳೆಯಲಾಯಿತು. ಅದೂ ಮೈಲಿಗಟ್ಟಲೆ ಉದ್ದದ್ದು. ಲೆಕ್ಕಕ್ಕೂ ಅಳತೆಗೂ ಬಂದ ವ್ಯತ್ಯಾಸ ಕೆಲವೇ ಅಂಗುಲಗಳು!

ಇನ್ನೊಂದು ತಮಾಷೆಯಿದೆ. ಅರಬ್ಬಿಯ ಅದೇ ‘ಜೈಬ್’ ಪಾರ್ಸಿ, ಉರ್ದುಗಳ ಮೂಲಕ ಕನ್ನಡಕ್ಕೆ ಬಂದು ನಮ್ಮ ‘ಜೇಬು’ ಆಯಿತು. ಹಾಗಾಗಿ ಅಂಗಿಯ ಜೇಬಿಗೂ ಗಣಿತದ ಸೈನ್‌ಗೂ ಓದಿನ ತಪ್ಪೊಂದರಿಂದ ನೆಂಟಸ್ತಿಕೆ ಬೆಳೆದಿದೆ. ದಾರಿಯಲ್ಲಿ ಪದ ತನ್ನ ಅರ್ಥ ಕಳೆದುಕೊಂಡಿತು. ಲೆಕ್ಕ ಮಾತ್ರ ತಪ್ಪಲಿಲ್ಲ.