ಪರಿಸರ ಚಿಂತನೆಯ ಬೆಳವಣಿಗೆ: ಪುಣೆಯ ನಿದರ್ಶನ

ಪರಿಸರ ಸಂರಕ್ಷಣೆ ಎಂದರೆ ಗಿಡ ನೆಡುವುದು, ವನ್ಯಪ್ರಾಣಿಗಳನ್ನು ಕಾಪಾಡುವುದು ಎಂಬ ಸೀಮಿತ ಅರ್ಥವು ಬಹುಕಾಲ ಪ್ರಚಲಿತವಾಗಿತ್ತು. ನೆಲ, ಜಲ, ಅರಣ್ಯ ಹಾಗೂ ಅವುಗಳನ್ನು ಅವಲಂಬಿಸಿ ಬದುಕುವ ಜನರು ಒಂದೇ ವ್ಯವಸ್ಥೆಯ ಅಂಗಗಳೆಂಬ ಅರಿವು ಕ್ರಮೇಣ ಮೂಡಿಬಂದಿದೆ. ಸಹ್ಯಾದ್ರಿಯ ಪೂರ್ವ ಮಗ್ಗುಲಿನಲ್ಲಿರುವ ಪುಣೆಯ ಇತಿಹಾಸದಲ್ಲಿ ಈ ಬದಲಾವಣೆಯ ಹಂತಗಳನ್ನು ಗುರುತಿಸಬಹುದು.

ಮುಳಶಿಯ ಸತ್ಯಾಗ್ರಹ

ಮುಂಬಯಿಗೆ ವಿದ್ಯುತ್ ಒದಗಿಸುವ ಸಲುವಾಗಿ ಪುಣೆಗೆ ಪಶ್ಚಿಮದಲ್ಲಿರುವ ಮುಳಶಿ ಕಣಿವೆಯಲ್ಲಿ ಅಣೆಕಟ್ಟೆ ಕಟ್ಟಲು ಟಾಟಾ ಸಂಸ್ಥೆಯು ಮುಂದಾಯಿತು. ಗದ್ದೆ, ಮನೆಗಳನ್ನು ಕಳೆದುಕೊಳ್ಳಲಿದ್ದ ರೈತರು 1921ರಲ್ಲಿ ಸತ್ಯಾಗ್ರಹ ಹೂಡಿದರು. ಪಾಂಡುರಂಗ ಮಹಾದೇವ ಬಾಪಟರು ಈ ಹೋರಾಟದ ನೇತೃತ್ವ ವಹಿಸಿ 'ಸೇನಾಪತಿ' ಎಂದು ಹೆಸರಾದರು. 1924ರ ವೇಳೆಗೆ ಚಳವಳಿ ಕೊನೆಗೊಂಡಿತು. ಅಣೆಕಟ್ಟೆ ಎದ್ದು ನಿಂತಿತು. ಆದರೆ ಪ್ರಗತಿಯ ಫಲ ಒಬ್ಬರಿಗೆ, ಅದರ ಹೊರೆ ಇನ್ನೊಬ್ಬರಿಗೆ ಆಗುವುದು ನ್ಯಾಯವೇ ಎಂದು ಈ ರೈತರು ಎತ್ತಿದ ಪ್ರಶ್ನೆ ಇಂದಿಗೂ ಉಳಿದಿದೆ.

ಕಾನೂನು ಮತ್ತು ವಿಜ್ಞಾನ

1972ರಲ್ಲಿ ಸ್ಟಾಕ್‌ಹೋಮಿನಲ್ಲಿ ನಡೆದ ವಿಶ್ವಸಂಸ್ಥೆಯ ಸಮ್ಮೇಳನದ ನಂತರ ಪರಿಸರವು ರಾಷ್ಟ್ರಗಳ ಹೊಣೆಯೆಂಬ ಭಾವನೆ ಬಲಗೊಂಡಿತು. ಭಾರತದಲ್ಲಿ 1974ರ ಜಲಮಾಲಿನ್ಯ ನಿಯಂತ್ರಣ ಕಾಯಿದೆಯ ಬೆನ್ನಿಗೆ, 1976ರ ಸಂವಿಧಾನ ತಿದ್ದುಪಡಿಯು ಪರಿಸರ ರಕ್ಷಣೆಯನ್ನು ರಾಜ್ಯದ ಹೊಣೆಯನ್ನಾಗಿಯೂ ಪ್ರಜೆಯ ಮೂಲಭೂತ ಕರ್ತವ್ಯವನ್ನಾಗಿಯೂ ಮಾಡಿತು. 1984ರ ಭೋಪಾಲ್ ಅನಿಲ ದುರಂತದ ತರುವಾಯ 1986ರಲ್ಲಿ ಪರಿಸರ ಸಂರಕ್ಷಣಾ ಕಾಯಿದೆ ಜಾರಿಗೆ ಬಂದಿತು.

ಇದೇ ಕಾಲದಲ್ಲಿ ವಿಜ್ಞಾನಿಗಳ ದೃಷ್ಟಿಯೂ ಹಳ್ಳಿಗಳತ್ತ ಹೊರಳಿತು. 1970ರ ದಶಕದಲ್ಲಿ ಪುಣೆಯ ಸಸ್ಯವಿಜ್ಞಾನಿ ವಿ. ಡಿ. ವರ್ತಕ್ ಹಾಗೂ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಅವರು ಸಹ್ಯಾದ್ರಿಯ 'ದೇವರಾಯಿ'ಗಳನ್ನು ಅಧ್ಯಯನ ಮಾಡಿದರು. ಇವು ಕೊಡಗಿನ ದೇವರಕಾಡುಗಳಂತೆ ದೇವರ ಹೆಸರಿನಲ್ಲಿ ಗ್ರಾಮಸ್ಥರೇ ಉಳಿಸಿಕೊಂಡು ಬಂದ ವನಗಳು. ಸುತ್ತಲಿನ ಕಾಡು ಅಳಿದ ಕಡೆಯೂ ಇಲ್ಲಿ ಹಳೆಯ ಮರಗಳು ಉಳಿದಿದ್ದವು. ಜನರ ನಂಬಿಕೆ ಮತ್ತು ಕಟ್ಟುಪಾಡುಗಳೂ ಸಂರಕ್ಷಣೆಯ ಸಾಧನಗಳೆಂಬುದು ಇದರಿಂದ ಮನವರಿಕೆಯಾಯಿತು.

ಚಿಂದಿ ಆಯುವವರ ಸಂಘಟನೆ

ನಗರದ ಕಸದಲ್ಲಿ ಕಾಗದ, ಗಾಜು, ಲೋಹಗಳನ್ನು ಆರಿಸಿ ಮರುಬಳಕೆಗೆ ಕಳುಹಿಸುವ ಬಡ ಮಹಿಳೆಯರ ದುಡಿಮೆಯನ್ನು ಪರಿಸರ ಸೇವೆಯೆಂದು ಬಹುಕಾಲ ಯಾರೂ ಪರಿಗಣಿಸಿರಲಿಲ್ಲ. 1993ರಲ್ಲಿ ಪುಣೆಯಲ್ಲಿ ಇವರದೇ ಸಂಘಟನೆಯಾದ 'ಕಾಗದ್ ಕಾಚ್ ಪತ್ರಾ ಕಷ್ಟಕರಿ ಪಂಚಾಯತ್' ಸ್ಥಾಪನೆಯಾಯಿತು. ಮುಂದೆ ಇವರು ರಚಿಸಿಕೊಂಡ 'ಸ್ವಚ್ಛ್' ಸಹಕಾರ ಸಂಘವು 2008ರಲ್ಲಿ ಮಹಾನಗರ ಪಾಲಿಕೆಯೊಡನೆ ಒಪ್ಪಂದ ಮಾಡಿಕೊಂಡು ಮನೆಮನೆಯಿಂದ ಕಸ ಸಂಗ್ರಹಿಸುವ ಕಾರ್ಯವನ್ನು ವಹಿಸಿಕೊಂಡಿತು. ತಿಪ್ಪೆಯಲ್ಲಿ ಕಸ ಕೆದಕುತ್ತಿದ್ದವರಿಗೆ ಮನೆಬಾಗಿಲಿನಲ್ಲಿಯೇ ಕಸ ಪಡೆಯುವ ಹಕ್ಕು ದೊರೆಯಿತು. ಹಸಿ ಕಸ ಮತ್ತು ಒಣ ಕಸವನ್ನು ಮನೆಯಲ್ಲಿಯೇ ಬೇರ್ಪಡಿಸಿದಲ್ಲಿ ಮಾತ್ರ ಈ ವ್ಯವಸ್ಥೆ ಸಫಲವಾಗುವುದರಿಂದ, ಪ್ರತಿಯೊಂದು ಕುಟುಂಬವೂ ಇದರಲ್ಲಿ ಪಾಲುದಾರನಾಗಿದೆ.

ಬೆಟ್ಟ ಮತ್ತು ನದಿ

2010ರಲ್ಲಿ ಕೇಂದ್ರ ಸರ್ಕಾರವು ಗಾಡ್ಗೀಳ್ ಅವರ ಅಧ್ಯಕ್ಷತೆಯಲ್ಲಿ ಪಶ್ಚಿಮಘಟ್ಟಗಳ ಬಗ್ಗೆ ತಜ್ಞರ ಸಮಿತಿಯನ್ನು ನೇಮಿಸಿತು. 2011ರ ವರದಿಯು ಪರಿಸರ ಸೂಕ್ಷ್ಮತೆಗೆ ಅನುಗುಣವಾಗಿ ಘಟ್ಟಪ್ರದೇಶವನ್ನು ವಿಂಗಡಿಸಿ, ನಿರ್ಧಾರಗಳಲ್ಲಿ ಗ್ರಾಮಸಭೆಗಳಿಗೆ ಸ್ಥಾನವಿರಬೇಕೆಂದು ಶಿಫಾರಸು ಮಾಡಿತು. ನಿರ್ಬಂಧಗಳಿಂದ ಜೀವನೋಪಾಯಕ್ಕೆ ಧಕ್ಕೆಯಾದೀತೆಂಬ ಆತಂಕದಿಂದ ಹಲವೆಡೆ ವಿರೋಧವೂ ವ್ಯಕ್ತವಾಯಿತು. 2014ರ ಜುಲೈ 30ರಂದು ಪುಣೆ ಜಿಲ್ಲೆಯ ಮಾಳೀಣ್ ಗ್ರಾಮದ ಮೇಲೆ ಗುಡ್ಡ ಕುಸಿದು 150ಕ್ಕೂ ಹೆಚ್ಚು ಜನರು ಅಸುನೀಗಿದರು. ಇಳಿಜಾರು ಪ್ರದೇಶದ ಭೂಬಳಕೆಯಲ್ಲಿ ಎಷ್ಟು ಎಚ್ಚರ ಬೇಕೆಂಬುದನ್ನು ಈ ದುರಂತ ನೆನಪಿಸಿತು.

ಪುಣೆಯ ಮುಳಾ-ಮುಠಾ ನದಿಗಳ ನೀರು ಭೀಮೆಯನ್ನು ಕೂಡಿ, ಉಜನಿ ಜಲಾಶಯವನ್ನು ಹಾದು ಕಲಬುರಗಿ ಸೀಮೆಗೆ ಬರುತ್ತದೆ. ಆದ್ದರಿಂದ ಆ ನಗರದ ಕೊಳಚೆ ನೀರಿನ ಶುದ್ಧೀಕರಣವು ಕರ್ನಾಟಕದ ರೈತರಿಗೂ ಸಂಬಂಧಿಸಿದ ವಿಷಯ. ಜಪಾನಿನ ಆರ್ಥಿಕ ನೆರವಿನೊಡನೆ 11 ಶುದ್ಧೀಕರಣ ಘಟಕಗಳನ್ನು ನಿರ್ಮಿಸಲು ಸುಮಾರು 990 ಕೋಟಿ ರೂಪಾಯಿಗಳ ಯೋಜನೆಗೆ 2016ರಲ್ಲಿ ಮಂಜೂರಾತಿ ದೊರೆಯಿತು.

ಭವಿಷ್ಯದ ಭರವಸೆ

ಮುಳಶಿಯ ರೈತರ ಮಾತಿಗೆ ಅಂದು ಮನ್ನಣೆ ದೊರೆಯಲಿಲ್ಲ. ಚಿಂದಿ ಆಯುವ ಮಹಿಳೆಯರು ನಗರಾಡಳಿತದೊಡನೆ ಒಪ್ಪಂದಕ್ಕೆ ಸಹಿ ಹಾಕಿದರು. ಈ ಎರಡು ಘಟನೆಗಳ ನಡುವಿನ ಅಂತರವೇ ಪರಿಸರ ಚಿಂತನೆಯು ಕ್ರಮಿಸಿದ ಹಾದಿ. ಕಾನೂನು, ವಿಜ್ಞಾನ ಮತ್ತು ಹಣ ಅಗತ್ಯವೇ ಸರಿ. ಆದರೆ ನೆಲ-ಜಲಗಳೊಡನೆ ನಿತ್ಯ ಬಾಳುವ ಜನರಿಗೆ ನಿರ್ಧಾರದಲ್ಲಿ ಪಾಲು ದೊರೆತಾಗಲೇ ಅವು ಫಲ ನೀಡಬಲ್ಲವು.