ಸೀಸೆಯೊಳಗಿನ ಆತ್ಮಕಥೆ

ಚಿತ್ರತಾರೆಯರು ಪರರ ಸಾಬೂನಿಗೆ ಮುಖವನ್ನಷ್ಟೇ ಒದಗಿಸಿ, ಸಂಭಾವನೆ ಪಡೆದು ತೃಪ್ತರಾಗುತ್ತಿದ್ದ ಕಾಲವು ಕಳೆದು, ತಾವೇ ಪ್ರಸಾಧನೋದ್ಯಮಗಳ ಒಡತಿಯರಾಗಿ, ಲೇಪನ ವರ್ಣಗಳ ವ್ಯಾಪಾರವು ನೆಲೆನಿಂತ ಬಳಿಕ ತಮ್ಮ ಬಾಲ್ಯವನ್ನೂ ತವರನ್ನೂ ಪರಿಮಳವಾಗಿಸಿ ಸೀಸೆಗಳಲ್ಲಿ ಮಾರುವ ಕಾಲವು ಬಂದೊದಗಿದೆ. ಎಲಿಜಬೆತ್ ಟೇಲರ್ 1991ರಲ್ಲಿ ‘ವೈಟ್ ಡೈಮಂಡ್ಸ್’ ಹೊರತಂದಾಗ ಜನ ಕೊಂಡದ್ದು ಆಕೆಯ ವೈಭವವನ್ನು. ‘ಫೆಂಟಿ ಬ್ಯೂಟಿ’ಯ ರಿಯಾನಾ 2021ರಲ್ಲಿಯೂ, ‘ರೇರ್ ಬ್ಯೂಟಿ’ಯ ಸೆಲೀನಾ ಗೊಮೆಜ್ 2025ರಲ್ಲಿಯೂ ಆ ಸಂಸ್ಥೆಗಳ ಹೆಸರಿನಲ್ಲಿ ಸುಗಂಧವನ್ನು ಹೊರತಂದಾಗ ಮಾರಾಟಕ್ಕಿಟ್ಟದ್ದು ಆತ್ಮೀಯತೆಯನ್ನು. ತುಟಿಯ ಬಣ್ಣವನ್ನು ಮೊಬೈಲಿನ ಪರದೆಯ ಮೇಲೆ ತೋರಿಸಬಹುದು. ಗಂಧವನ್ನು ತೋರಿಸಲಾಗದು, ಆದುದರಿಂದ ಅದನ್ನು ಕಥೆಯಾಗಿ ಹೇಳಲೇಬೇಕಾಗುತ್ತದೆ.

ಬೆಂಗಳೂರಿನಲ್ಲಿ ಬೆಳೆದು, 2006ರಲ್ಲಿ ಕನ್ನಡದ ‘ಐಶ್ವರ್ಯ’ದಿಂದ ಚಿತ್ರರಂಗಕ್ಕೆ ಬಂದ ದೀಪಿಕಾ ಪಡುಕೋಣೆಯವರೂ ಈ ಮರ್ಮವನ್ನರಿತವರೇ. 2022ರಲ್ಲಿ ಆರಂಭಿಸಿದ ತಮ್ಮ ತ್ವಚಾಪ್ರಸಾಧನ ಸಂಸ್ಥೆಗೆ ಅವರು ಭಾರತದ ಕಾಲಮಾನವನ್ನು ನಿರ್ಣಯಿಸುವ ರೇಖಾಂಶವನ್ನು ನೆನಪಿಸುವ ಹೆಸರಿಟ್ಟರು. ಮೊದಲ ಸರಕುಗಳಿಗೆ ಅಶ್ವಗಂಧ, ಪಚೋಲಿಗಳ ಹೆಸರುಗಳನ್ನು ಆಯ್ದುಕೊಂಡರು.

ಆದರೆ ಕಥೆಯುಳ್ಳ ಗಂಧವು ನಮಗೆ ಹೊಸತಲ್ಲ. ಮೊದಲನೆಯ ಮಹಾಯುದ್ಧದಿಂದ ಶ್ರೀಗಂಧದ ಮರ ಯೂರೋಪಿಗೆ ಹೋಗದೆ ರಾಶಿಬಿದ್ದಾಗ ಮೈಸೂರು ಸಂಸ್ಥಾನವು ತಾನೇ ಎಣ್ಣೆ ತೆಗೆಯಲು ತೊಡಗಿತು; ಆ ಎಣ್ಣೆಯಿಂದಲೇ ಮೈಸೂರು ಸ್ಯಾಂಡಲ್ ಸಾಬೂನು ಹುಟ್ಟಿತು. ಅಲ್ಲಿ ಕಥೆಯ ನಾಯಕಿ ಯಾವ ನಟಿಯೂ ಅಲ್ಲ, ಒಂದು ಮರ. ಅದೇ ಸಾಬೂನಿಗೆ 2025ರಲ್ಲಿ ಸರ್ಕಾರವು ಎರಡು ವರ್ಷಕ್ಕೆ 6.20 ಕೋಟಿ ರೂಪಾಯಿಗೆ ತಮನ್ನಾ ಭಾಟಿಯಾ ಅವರನ್ನು ರಾಯಭಾರಿಯಾಗಿ ನೇಮಿಸಿದಾಗ, ಕನ್ನಡದ ನಟಿ ಏಕಲ್ಲವೆಂಬ ಕೂಗೆದ್ದಿತು. ನನಗೆ ಆ ಪ್ರಶ್ನೆಗಿಂತ ಬೇರೊಂದು ದೊಡ್ಡದೆನಿಸುತ್ತದೆ: ಗಂಧ ಬೆಳೆದ ನೆಲದ ಹೆಸರೇಕಿಲ್ಲ?

ನಮ್ಮ ಚಿತ್ರದುರ್ಗದ ಬಯಲುಸೀಮೆಯನ್ನೇ ನೋಡಿರಿ. ಹಿರಿಯೂರಿನ ಕಡೆಯ ಹೊಲಗಳ ಸೇವಂತಿಗೆ, ಸುಗಂಧರಾಜ, ಕಂಪಿಲ್ಲದಿದ್ದರೂ ಬಣ್ಣದಿಂದಲೇ ಮಾನ್ಯವಾದ ಕನಕಾಂಬರ, ಇವು ಹಬ್ಬದ ಮುನ್ನಾದಿನ ಮಾರಿನ ಲೆಕ್ಕದಲ್ಲಿ ಏರಿದ ಬೆಲೆಗೆ ಹೋಗಿ, ಹಬ್ಬ ಕಳೆದೊಡನೆ ಕೇಳುವವರಿಲ್ಲದೆ ತಿಪ್ಪೆ ಸೇರುವುದೂ ಉಂಟು. ಹೊಸದುರ್ಗ, ಹೊಳಲ್ಕೆರೆಗಳ ಕಡೆಯ ಕೆಂಪು ನೆಲವಾದರೋ ಶ್ರೀಗಂಧಕ್ಕೆ ಒಗ್ಗುವಂಥದು. ತನ್ನ ಹೊಲದಲ್ಲಿಯೇ ಹುಟ್ಟಿದ ಗಂಧದ ಮರವು ಸರ್ಕಾರದ್ದೆಂಬ ನಿಯಮವಿದ್ದಷ್ಟು ಕಾಲ ಸಸಿಯನ್ನು ಕಂಡೊಡನೆ ಕಿತ್ತೆಸೆಯುವುದೇ ರೈತನಿಗೆ ಕ್ಷೇಮವಾಗಿತ್ತು; 2001ರ ತಿದ್ದುಪಡಿಯು ಮರದ ಒಡೆತನವನ್ನು ಭೂಮಾಲೀಕನಿಗೆ ಕೊಟ್ಟಮೇಲೆ ಅವನು ನೆಡುವ ಧೈರ್ಯ ಮಾಡಿದನು. ನೆಟ್ಟರೆ ಸಾಲದು, ಪರರ ಬೇರಿನಿಂದ ಆಹಾರವನ್ನು ಹೀರಿ ಬದುಕುವ ಈ ಸಸಿಗೆ ಮಗ್ಗುಲಲ್ಲಿ ತೊಗರಿಯನ್ನೋ ಹೊಂಗೆಯನ್ನೋ ಆಸರೆಗೆ ಬೆಳೆಸಬೇಕು, ಎಣ್ಣೆಯುಳ್ಳ ಚೇಗು ಬಲಿಯುವವರೆಗೆ ಹದಿನೈದು ವರ್ಷಕ್ಕೂ ಮಿಕ್ಕಿ ಕಾಯಬೇಕು, ಅಷ್ಟರಲ್ಲಿ ಇರುಳುಗಳ್ಳರ ಗರಗಸಕ್ಕೆ ತುತ್ತಾಗದಂತೆ ನೋಡಿಕೊಳ್ಳಬೇಕು. (ಬೇಲಿಯ ತಂತಿಗೂ ಕಾವಲಿಗೂ ಆಗುವ ವೆಚ್ಚವನ್ನು ಯಾವ ಜಾಹೀರಾತೂ ಹೇಳದು.)

ತಾರೆಯರ ಸ್ಮೃತಿಗಳು ಸುಳ್ಳೆಂದು ನಾನು ಹೇಳಲಾರೆ; ಅವುಗಳ ಪರಿಮಳವನ್ನು ಹದಗೊಳಿಸಿ ಕೊಡುವವರು ಬಹುಮಟ್ಟಿಗೆ ನುರಿತ ಗಂಧಕಾರರೆಂಬುದಂತೂ ನಿಜ. ರೈತನ ಹದಿನೈದು ವರ್ಷವನ್ನು ಮಾತ್ರ ಯಾರೂ ಕಲ್ಪಿಸಬೇಕಾಗಿಲ್ಲ. ಸಾಬೂನು ಕಾರ್ಖಾನೆಯವರೇ, ರೈತರಿಂದ ಗಂಧದ ಮರವನ್ನು ನೀವು ಕೊಳ್ಳುತ್ತೀರಿ. ಮುಂದಿನ ಪೆಟ್ಟಿಗೆಯ ಮೇಲೆ ನಟಿಯ ಮುಖವಿರಲಿ, ಅದರ ಪಕ್ಕದಲ್ಲಿ ಮರ ಬೆಳೆದ ತಾಲ್ಲೂಕಿನ ಹೆಸರನ್ನೂ ಅಚ್ಚುಹಾಕಿಸಿರಿ.