ಜೆರ್ಸಿಗೂ ಟೆಂಡರ್ ಬೇಕಾ?

ಮಳೆ ನಿಂತು ಅಡಿಕೆ ಕೊಯ್ಲು ಶುರುವಾಯಿತೆಂದರೆ ನಮ್ಮ ಕೊಪ್ಪದಲ್ಲಿ ಹೊನಲು ಬೆಳಕಿನ ಪಂದ್ಯಾವಳಿಗಳ ಕಾಲ. ಶೃಂಗೇರಿ, ನರಸಿಂಹರಾಜಪುರದಿಂದಲೂ ತಂಡಗಳು ಬರುತ್ತವೆ. ಕಳೆದ ಸಲ ನಮ್ಮ ಸಂಘದ ಕಬಡ್ಡಿ ಪಂದ್ಯಾವಳಿಯ ಲೆಕ್ಕ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಜೆರ್ಸಿ, ಟ್ರೋಫಿ ಎಲ್ಲವನ್ನೂ ಪರಿಚಯದ ಒಂದೇ ಅಂಗಡಿಯಿಂದ ತಂದಿದ್ದೆವು. ಲೆಕ್ಕ ಓದಿದಾಗ ಹಿರಿಯ ಆಟಗಾರರೊಬ್ಬರು, ‘ಟೆಂಡರ್ ಕರ್ದಿದ್ರಾ ಮಾರಾಯ?’ ಎಂದರು. ಎಲ್ಲರೂ ನಕ್ಕರು. ನಾನು ಮಾತ್ರ ತಲೆ ತಗ್ಗಿಸಿದೆ.

ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ನಾನು ಅಂದು ರಾತ್ರಿಯೇ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ, 1999 ತೆರೆದೆ. ಅದು ಅನ್ವಯಿಸುವುದು ಸರ್ಕಾರಿ ಇಲಾಖೆ, ಸ್ಥಳೀಯ ಸಂಸ್ಥೆ, ಸರ್ಕಾರದ ಒಡೆತನ ಅಥವಾ ನಿಯಂತ್ರಣದಲ್ಲಿರುವ ಮಂಡಳಿ, ನಿಗಮಗಳಂಥವಕ್ಕೆ. ಕ್ರೀಡಾ ಇಲಾಖೆ ಕ್ರೀಡಾಂಗಣ ಕಟ್ಟಿಸಿದರೆ ಈ ಕಾಯ್ದೆಯಂತೆಯೇ ನಡೆಯಬೇಕು. ಆದರೆ ಕ್ರೀಡಾ ಸಂಸ್ಥೆಗಳಲ್ಲಿ ಹೆಚ್ಚಿನವು ನಮ್ಮ ಸಂಘದಂತೆ ನೋಂದಾಯಿತ ಸೊಸೈಟಿಗಳು. ಕಾನೂನಿನಡಿ ನೋಂದಣಿಯಾಗುವುದು ಬೇರೆ, ಕಾನೂನಿನಿಂದಲೇ ಹುಟ್ಟುವುದು ಬೇರೆ.

ಬಿಸಿಸಿಐ ವಿಷಯದಲ್ಲೂ ಇಂಥದೇ ಪ್ರಶ್ನೆ ಎದ್ದಿತ್ತು. 2005ರ ಝೀ ಟೆಲಿಫಿಲ್ಮ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 3:2 ಬಹುಮತದಿಂದ, ಸಂವಿಧಾನದ 12ನೇ ವಿಧಿಯ ಅರ್ಥದಲ್ಲಿ ಅದು ‘ರಾಜ್ಯ’ವಲ್ಲ ಎಂದಿತು. ಆ ಪ್ರಕರಣದ ಮೂಲವೇ ಪ್ರಸಾರ ಹಕ್ಕಿನ ಟೆಂಡರ್! 2015ರಲ್ಲಿ ಅದೇ ಕೋರ್ಟ್, ಬಿಸಿಸಿಐ ಮಾಡುವುದು ಸಾರ್ವಜನಿಕ ಕೆಲಸ, ಹಾಗಾಗಿ 226ನೇ ವಿಧಿಯಡಿ ಹೈಕೋರ್ಟ್ ಅದನ್ನು ಪ್ರಶ್ನಿಸಬಹುದು ಎಂದಿತು. ಅಂದರೆ, ಟೆಂಡರ್ ಕಾಯ್ದೆ ಅನ್ವಯಿಸದಿದ್ದರೂ ಮನಬಂದಂತೆ ನಡೆಯುವ ಹಾಗಿಲ್ಲ.

ಸರ್ಕಾರದ ದುಡ್ಡು ಬಂದರೆ ಹೊಣೆಯೂ ಜೊತೆಗೇ ಬರುತ್ತದೆ. ಕೇಂದ್ರದ ಅನುದಾನ ಪಡೆದ ಸಂಸ್ಥೆ ಬಳಕೆ ಪ್ರಮಾಣಪತ್ರ ಕೊಡಬೇಕು. 2025ರ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆಯ ಪ್ರಕಾರ, ಮಾನ್ಯತೆ ಪಡೆದ ಕ್ರೀಡಾ ಸಂಸ್ಥೆಗಳು ಕೇಂದ್ರದ ನೆರವನ್ನು ಹೇಗೆ ಬಳಸಿದವು ಎಂದು ಮಾಹಿತಿ ಹಕ್ಕಿನಡಿ ಕೇಳಬಹುದು.

ನಮ್ಮದು ಊರವರ ಚಂದಾ ಹಣ. ಟೆಂಡರ್ ಕಡ್ಡಾಯವಲ್ಲ, ನಿಜ. ಆದರೆ ತೋಟದ ಕೂಲಿಯಲ್ಲಿ ನೂರು ರೂಪಾಯಿ ಉಳಿಸಿ ಕೊಟ್ಟವರಿಗೆ ‘ಕಾಯ್ದೆ ನಮಗೆ ಅನ್ವಯಿಸಲ್ಲ’ ಎನ್ನುವುದು ಉತ್ತರವಾದೀತೇ? ಮುಂದಿನ ಸಭೆಯಲ್ಲಿ ನಾನೇ ಪ್ರಸ್ತಾಪಿಸಿದೆ: ಮೂರು ಅಂಗಡಿಗಳಿಂದ ಕೊಟೇಶನ್ ತರೋಣ, ಬಿಲ್ಲುಗಳನ್ನು ನೋಟಿಸ್ ಬೋರ್ಡಿಗೆ ಹಚ್ಚೋಣ. ‘ಆಗ್ಲಿ ಮಾರಾಯ’ ಎಂದವರು ಅದೇ ಹಿರಿಯರು. ಈ ಸಲ ಯಾರೂ ನಗಲಿಲ್ಲ.